ಸೊನ್ನಲಿಗೆಯ ಜಯದೇವಿತಾಯಿಯವರು

ನಮ್ಮ ಯಾದಗಿರಿ, ಶಹಾಪುರ, ಸುರಪುರ ಸೀಮೆಗಳಲ್ಲಿ ಒಬ್ಬರು ಲಿಂಗೈಕ್ಯರಾದರೆ ಆ ರಾತ್ರಿ ಭಜನೆಯವರು ಮನೆಯಂಗಳದಲ್ಲಿ ಕುಳಿತು ಬೆಳಗಾಗುವತನಕ ವಚನ, ತತ್ತ್ವಪದಗಳನ್ನು ಹಾಡುವುದು ಹಿಂದಿನಿಂದ ಬಂದ ಪದ್ಧತಿಯಾಗಿದೆ. ಆದರೆ ಕಾಯವು ಸಮಾಧಿ ಸೇರಿ, ನೆಂಟರಿಷ್ಟರು ಚದುರಿ, ಮನೆಯು ನಿಃಶಬ್ದವಾದ ಮೇಲೆ ಉಳಿಯುವ ದುಃಖಕ್ಕೆ ಯಾವ ಭಜನೆಯವರೂ ಬರುವುದಿಲ್ಲ. ಕಳೆದ ವರ್ಷ ಪತಿಯನ್ನು ಕಳೆದುಕೊಂಡು ಮೂರು ತಿಂಗಳೂ ಆಗಿರದ ಒಬ್ಬ ತಾಯಿಯು ನಮ್ಮ ಪಾಠಶಾಲೆಗೆ ಬಂದು, ಓದಲು ಒಂದು ಗ್ರಂಥ ಬೇಕೆಂದು ಕೇಳಿದರು. ಮೂವತ್ತು ವರ್ಷ ಪಾಠ ಹೇಳಿದ ನನಗೆ, ಕಪಾಟಿನ ಮುಂದೆ ನಿಂತಾಗ, ಯಾವುದನ್ನು ಕೊಡಬೇಕೆಂಬುದು ತಿಳಿಯದಾಯಿತು. ಆಗ ನೆನಪಾದವರು ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು.

ಈ ತಾಯಿಯವರು ಜನಿಸಿದುದು 1912ರಲ್ಲಿ, ಸೊಲ್ಲಾಪುರದ ಮಡಕಿ ಮನೆತನದಲ್ಲಿ. ಶಾಲೆಯಲ್ಲಿ ದೊರೆತುದು ಮರಾಠಿ. ಕನ್ನಡವು ಮನೆಯ ಮಾತು. ನಿಜಾಮರ ಆಳ್ವಿಕೆಯಲ್ಲಿ ಉರ್ದುವಿನಲ್ಲಿ ಪಾಠ ಒಪ್ಪಿಸಿ, ಮನೆಗೆ ಬಂದು ಕನ್ನಡದಲ್ಲಿ ಅತ್ತು ನಕ್ಕ ನಮ್ಮ ಸೀಮೆಯ ಹಿರಿಯರು ಈ ಸಂಕಟವನ್ನು ಬಲ್ಲವರೇ ಆಗಿದ್ದರು. ಎಳೆಯ ವಯಸ್ಸಿನಲ್ಲಿಯೇ ಚನ್ನಮಲ್ಲಪ್ಪ ಲಿಗಾಡೆಯವರೊಡನೆ ವಿವಾಹವಾಯಿತು. 1946ರಲ್ಲಿ ಪತಿವಿಯೋಗವಾಯಿತು. ಆಗ ಅವರ ವಯಸ್ಸು ಕೇವಲ 34.

ಒಂದು ತಲೆಮಾರು ಮೊದಲೇ ಇಂತಹ ದುಃಖ ಬಂದಿದ್ದರೆ, ಸಾಮಾನ್ಯ ಗೃಹಿಣಿಯೊಬ್ಬಳ ಕೈಗೆ ವಚನಗಳು ಗ್ರಂಥರೂಪದಲ್ಲಿ ಸಿಕ್ಕುವುದು ದುರ್ಲಭವಾಗಿತ್ತು. ಓಲೆಗರಿಯ ಕಟ್ಟುಗಳು ಮಠಗಳಲ್ಲಿಯೂ ಮನೆಗಳ ಜಗುಲಿಯ ಮೇಲೆಯೂ ವಿಭೂತಿ, ಪತ್ರೆಗಳಿಂದ ಪೂಜೆಗೊಳ್ಳುತ್ತಿದ್ದುವೇ ಹೊರತು, ಬಿಚ್ಚಿ ಓದುವವರು ವಿರಳ. ಫ. ಗು. ಹಳಕಟ್ಟಿಯವರು ಅವುಗಳನ್ನು ಊರೂರು ತಿರುಗಿ ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಹೊರತಂದಾಗ ಜಯದೇವಿಯವರು ಹನ್ನೊಂದು ವರ್ಷದ ಬಾಲಿಕೆ. 1926ರಿಂದ ವಿಜಾಪುರದಲ್ಲಿ ಶಿವಾನುಭವ ಪತ್ರಿಕೆಯೂ ನಡೆಯಿತು. ಹೀಗೆ ಆ ಬಾಲಿಕೆಯು ಬೆಳೆದು ಶೋಕದಲ್ಲಿ ಮುಳುಗುವ ಹೊತ್ತಿಗೆ ಅಚ್ಚಾದ ವಚನಗಳು ನಾಡಿನಲ್ಲಿ ಹರಡಿದ್ದುವು. ಅಡವಿ ಬೆಟ್ಟಗಳಲ್ಲಿ ತನ್ನ ಚೆನ್ನಮಲ್ಲಿಕಾರ್ಜುನನನ್ನು ಹುಡುಕುತ್ತ ನಡೆದ ಅಕ್ಕಮಹಾದೇವಿಯ ಮಾತುಗಳು ಕೂಡ ಅವುಗಳಲ್ಲಿದ್ದುವು. ವಿರಹವನ್ನು ಬಲ್ಲವರ ನುಡಿಯೇ ವಿರಹಿಗೆ ತಾಗುವುದಲ್ಲವೆ!

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಜನನ, ಮರಣ, ಜಾತಿ, ರಜಸ್ಸು, ಉಚ್ಛಿಷ್ಟ ಎಂಬ ಪಂಚಸೂತಕಗಳನ್ನು ಶರಣರು ಒಪ್ಪಲಿಲ್ಲ. ಸಾವಾದ ಮನೆಯಲ್ಲಿ ಲಿಂಗಪೂಜೆಯು ನಿಲ್ಲದು. ಲಿಂಗವಂತೆಯಾದವಳು ಪತಿಯನ್ನು ಕಳೆದುಕೊಂಡರೂ ಅವಳ ಎದೆಯ ಮೇಲಿನ ಇಷ್ಟಲಿಂಗವು ಅವಳನ್ನು ಬಿಟ್ಟು ಹೋಗದು. ತತ್ತ್ವವು ಹೀಗಿರಲು, ಗಂಡನಿಲ್ಲದವಳೆಂದು ಮಂಗಲಕಾರ್ಯಗಳಲ್ಲಿ ಹೆಣ್ಣುಮಕ್ಕಳನ್ನು ಹಿಂದೆ ಸರಿಸುವ ಮನೆಗಳು ನಮ್ಮಲ್ಲಿಯೂ ಇವೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ದೇವರ ದಾಸಿಮಯ್ಯ, ದುಗ್ಗಳೆಯರ ಮುದನೂರು ಇರುವ ಸುರಪುರ ಸೀಮೆಯೂ ಇದಕ್ಕೆ ಹೊರತಲ್ಲ. ಜಯದೇವಿತಾಯಿಯವರು ಮೂಲೆ ಹಿಡಿಯಲಿಲ್ಲ. ವಚನಸಾಹಿತ್ಯದ ಕಾಯಕಕ್ಕೆ ತಮ್ಮನ್ನು ತೆತ್ತುಕೊಂಡರು.

ಅವರು ಮಹಾಕಾವ್ಯಕ್ಕೆ ಆರಿಸಿಕೊಂಡ ವಸ್ತುವನ್ನು ನೋಡಿರಿ. ತಮ್ಮೂರಿನ ಸಿದ್ಧರಾಮೇಶ್ವರರ ಚರಿತ್ರೆ ಅದು. ರಾಘವಾಂಕನು ಹೇಳಿದ ಆ ಕಥೆಯನ್ನು ನಾವೆಲ್ಲರೂ ಬಲ್ಲೆವು. ಹೊಲ ಕಾಯುತ್ತಿದ್ದ ಮುಗ್ಧ ಬಾಲಕನ ಬಳಿಗೆ ಮಲ್ಲಯ್ಯನು ಜಂಗಮರೂಪದಲ್ಲಿ ಬಂದು ಹಸಿವೆಂದನು. ಬಾಲಕನು ಉಣಿಸು ತರಲು ಮನೆಗೆ ಓಡಿದನು. ಮರಳಿ ಬರುವಷ್ಟರಲ್ಲಿ ಮಲ್ಲಯ್ಯನು ಇಲ್ಲ. ಕೈಯಲ್ಲಿ ಅನ್ನ, ಎದುರಿಗೆ ಬರಿದಾದ ಹೊಲ. ಮನೆಯವರೊಬ್ಬರನ್ನು ಕಳೆದುಕೊಂಡು, ಮರುದಿನ ಮರೆತು ಅವರ ಪಾಲಿಗೂ ರೊಟ್ಟಿ ತಟ್ಟಿದ ತಾಯಂದಿರಿಗೆ ಈ ಎಡೆಯಲ್ಲಿ ವ್ಯಾಖ್ಯಾನವು ಬೇಕಿಲ್ಲ. ಆ ಬಾಲಕನು ಕೂಗುತ್ತ ಶ್ರೀಶೈಲದವರೆಗೆ ನಡೆದು, ಕೊನೆಗೆ ಕಮರಿಗೆ ಹಾರಲು ಸಿದ್ಧನಾದಾಗ ಮಲ್ಲಯ್ಯನು ಕೈಹಿಡಿದನು. ಆದರೆ ಅಲ್ಲಿಯೇ ಇರಿಸಿಕೊಳ್ಳಲಿಲ್ಲ. ಸೊನ್ನಲಿಗೆಗೆ ಮರಳಿ ಕಳುಹಿಸಿದನು. ಮುಂದೆ ಸಿದ್ಧರಾಮರು ಅಲ್ಲಿ ಕೆರೆ ಕಟ್ಟಿಸಿದರು, ಗುಡಿ ಕಟ್ಟಿಸಿದರು. ಇಂದಿಗೂ ಸಂಕ್ರಾಂತಿಯ ಜಾತ್ರೆಯಲ್ಲಿ ನಂದಿಕೋಲುಗಳು ಆ ಊರನ್ನು ಸುತ್ತುತ್ತವೆ. ತಾಯಿಯವರು ತಮ್ಮ ದುಃಖಕ್ಕೆ ದಾರಿ ಕಂಡುದು ಈ ಕಥೆಯಲ್ಲಿಯೇ ಎಂದು ನನಗೆ ತೋರುತ್ತದೆ.

ರಾಘವಾಂಕನದು ಷಟ್ಪದಿ. ತಾಯಿಯವರು ಹಿಡಿದುದು ತ್ರಿಪದಿ, ಎಂದರೆ ನಮ್ಮ ಹೆಣ್ಣುಮಕ್ಕಳು ಬೀಸುವಾಗ ತವರನ್ನೂ ಅಗಲಿದವರನ್ನೂ ನೆನೆದು ಹಾಡುವ ಮೂರು ಸಾಲಿನ ಪದ. ನಾಲ್ಕು ಸಾವಿರಕ್ಕೂ ಮಿಕ್ಕ ತ್ರಿಪದಿಗಳಲ್ಲಿ ಶ್ರೀ ಸಿದ್ಧರಾಮಪುರಾಣವು ರಚಿತವಾಗಿ, ಪತಿವಿಯೋಗದ ಸುಮಾರು ಎರಡು ದಶಕಗಳ ತರುವಾಯ, 1960ರ ದಶಕದಲ್ಲಿ ಬೆಳಕು ಕಂಡಿತು. ಪಂಡಿತರು ಕಾವ್ಯಗುಣವನ್ನು ತೂಗಲಿ. ಗದ್ಗದಕಂಠದಿಂದಲೂ ಹಾಡಬಹುದಾದ ಛಂದಸ್ಸು ಅದು.

ಶಾಲೆಯಲ್ಲಿ ಕಲಿತ ಮರಾಠಿಯೂ ವ್ಯರ್ಥವಾಗಲಿಲ್ಲ. ಬಸವಣ್ಣನವರ, ಸಿದ್ಧರಾಮರ ವಚನಗಳನ್ನು ಅವರು ಮರಾಠಿಗೆ ತಂದರು. ಕನ್ನಡ ಓದಲು ಬಾರದ ಆ ಕಡೆಯ ಲಿಂಗವಂತರ ಮನೆಗಳಿಗೂ ವಚನಗಳು ಮುಟ್ಟಿದುವು. ಸೊಲ್ಲಾಪುರವು ಕರ್ನಾಟಕಕ್ಕೆ ಸೇರಬೇಕೆಂದು ದುಡಿದರು. 1956ರಲ್ಲಿ ರಾಜ್ಯಗಳ ವಿಂಗಡಣೆಯಾದಾಗ ನಮ್ಮ ಸೀಮೆಯು ಮೈಸೂರು ರಾಜ್ಯಕ್ಕೆ ಸೇರಿತು, ಅವರ ಊರು ಆಚೆಯಲ್ಲಿಯೇ ಉಳಿಯಿತು. ಅದೂ ಒಂದು ಅಗಲಿಕೆಯೇ. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಆ ಪೀಠವನ್ನು ಏರಿದ ಮೊದಲನೆಯ ಮಹಿಳೆ ಅವರೇ. ಕಡೆಯ ವರ್ಷಗಳನ್ನು ಬಸವಕಲ್ಯಾಣದಲ್ಲಿ ಕಳೆದು 1986ರಲ್ಲಿ ಲಿಂಗೈಕ್ಯರಾದರು.

ಪಾಠಶಾಲೆಗೆ ಬಂದ ಆ ತಾಯಿಗೆ ನಾನು ಸಿದ್ಧರಾಮಪುರಾಣವನ್ನೇ ಕೊಟ್ಟೆನು. ಹದಿನೈದು ದಿನಗಳಲ್ಲಿ ತಿರುಗಿ ತರಬೇಕೆಂಬುದು ನಮ್ಮ ನಿಯಮ. ಎರಡು ತಿಂಗಳಾದ ಮೇಲೆ ಬಂದರು, ಬರಿಗೈಯಲ್ಲಿ. ಸಾಯಂಕಾಲ ರೊಟ್ಟಿಯ ಕೆಲಸ ಮುಗಿಸಿ ಓಣಿಯ ಹೆಣ್ಣುಮಕ್ಕಳು ಕೇಳಲು ಬಂದು ಕೂಡುತ್ತಾರೆಂದೂ, ಬಾಲಕನು ಇನ್ನೂ ಶ್ರೀಶೈಲದ ಹಾದಿಯಲ್ಲಿದ್ದಾನೆಂದೂ, ಶ್ರಾವಣ ಮುಗಿಯುವತನಕ ಗ್ರಂಥವು ತಮ್ಮ ಬಳಿಯೇ ಇರಲಿ ಎಂದೂ ಕೇಳಿಕೊಂಡರು.