ಪರರಾಷ್ಟ್ರದ ಸಂಕಟಕ್ಕೆ ಮಿಡಿದ ಮಹಾನಗರ: ಮೇಯರ್ ಲಾ ಗಾರ್ಡಿಯಾ

ಮಹಾನಗರಪಾಲಿಕೆ ಎಂದೊಡನೆ ನಮ್ಮ ಕಣ್ಮುಂದೆ ಬರುವುದು ನಲ್ಲಿಯ ನೀರು, ರಸ್ತೆಯ ಗುಂಡಿ, ಕಸದ ವಿಲೇವಾರಿ. ಪಾಲಿಕೆಗೆ ಸೈನ್ಯವಿಲ್ಲ, ವಿದೇಶಾಂಗ ಖಾತೆಯಿಲ್ಲ. ಹೀಗಿರುವಾಗ ಎಲ್ಲಿಯೋ ದೂರದಲ್ಲಿ ಒಂದು ರಾಷ್ಟ್ರ ಪರರ ದಾಳಿಗೆ ತುತ್ತಾದರೆ ನಗರವೊಂದರ ಆಡಳಿತ ಏನು ತಾನೇ ಮಾಡೀತು ಎಂಬ ಪ್ರಶ್ನೆ ಸಹಜವಾದುದು. ಆ ಪ್ರಶ್ನೆಗೆ 1934ರಿಂದ 1945ರವರೆಗೆ ನ್ಯೂಯಾರ್ಕ್ ನಗರದ ಮೇಯರ್ ಆಗಿದ್ದ ಫಿಯೊರೆಲ್ಲೊ ಲಾ ಗಾರ್ಡಿಯಾ ಅವರ ಜೀವನದಲ್ಲಿ ಉತ್ತರವಿದೆ, ಎಚ್ಚರಿಕೆಯೂ ಇದೆ. ಆ ನಗರದ ವಿಮಾನ ನಿಲ್ದಾಣಗಳಲ್ಲೊಂದು ಇಂದಿಗೂ ಅವರ ಹೆಸರನ್ನೇ ಹೊತ್ತಿದೆ.

ಲಾ ಗಾರ್ಡಿಯಾ ಅವರು 1882ರ ಡಿಸೆಂಬರ್ 11ರಂದು ನ್ಯೂಯಾರ್ಕಿನಲ್ಲಿ ಜನಿಸಿದರು. ತಂದೆ ಇಟಲಿಯಿಂದ ವಲಸೆ ಬಂದು ಅಮೆರಿಕದ ಸೈನ್ಯದಲ್ಲಿ ವಾದ್ಯವೃಂದದ ನಾಯಕರಾಗಿದ್ದವರು. ತಾಯಿ ಟ್ರಿಯೆಸ್ಟ್ ನಗರದ ಯಹೂದಿ ಮನೆತನದವರು. ಫಿಯೊರೆಲ್ಲೊ ಎಂದರೆ ಇಟಾಲಿಯನ್ ಭಾಷೆಯಲ್ಲಿ ಪುಟ್ಟ ಹೂವು. ಗಿಡ್ಡ ಮೈಕಟ್ಟಿನ, ಗಟ್ಟಿ ಗಂಟಲಿನ, ಮುಂಗೋಪದ ಈ ಮನುಷ್ಯನನ್ನು ಜನ ಪ್ರೀತಿಯಿಂದ ಆ ಅರ್ಥದಲ್ಲಿಯೇ ಕರೆಯುತ್ತಿದ್ದರು.

ತಾರುಣ್ಯದಲ್ಲಿ ಅವರು ಯುರೋಪಿನ ಅಮೆರಿಕನ್ ದೂತಾವಾಸಗಳಲ್ಲಿ ದುಡಿದರು. ಮರಳಿ ಬಂದು 1907ರಿಂದ ಎಲ್ಲಿಸ್ ದ್ವೀಪದಲ್ಲಿ ದುಭಾಷಿಯಾದರು. ಮೂಟೆ ಕಟ್ಟಿಕೊಂಡು ಹಡಗಿನಿಂದ ಇಳಿಯುತ್ತಿದ್ದ ಸಾವಿರಾರು ವಲಸಿಗರ ಅಳಲನ್ನು ಅಧಿಕಾರಿಗಳಿಗೆ ತಿಳಿಯುವ ಭಾಷೆಯಲ್ಲಿ ಹೇಳುವುದೇ ಅವರ ಕೆಲಸ. ಹಗಲು ಈ ನೌಕರಿ, ರಾತ್ರಿ ಕಾನೂನು ವ್ಯಾಸಂಗ. ಮುಂದೆ ವಕೀಲರಾಗಿ, ಅಮೆರಿಕದ ಸಂಸತ್ತಿನ ಸದಸ್ಯರಾಗಿ, ಮೊದಲನೆಯ ಮಹಾಯುದ್ಧದಲ್ಲಿ ಇಟಲಿಯ ರಣರಂಗದ ಮೇಲೆ ವಿಮಾನ ಹಾರಿಸಿದವರಾಗಿ ಹೆಸರು ಗಳಿಸಿದರು. 1921ರಲ್ಲಿ ಪತ್ನಿಯನ್ನೂ ಹಸುಗೂಸನ್ನೂ ಕಳೆದುಕೊಂಡ ದುಃಖವನ್ನು ನುಂಗಿಕೊಂಡು ಮತ್ತೆ ಸಾರ್ವಜನಿಕ ಜೀವನಕ್ಕೆ ಮರಳಿದರು. 1934ರ ಜನವರಿ 1ರಂದು ಮೇಯರ್ ಪದವಿಗೇರಿದರು.

ಆ ಹೊತ್ತಿಗೆ ಹಿಟ್ಲರ್ ಜರ್ಮನಿಯ ಅಧಿಕಾರ ಹಿಡಿದಿದ್ದ. ಲಾ ಗಾರ್ಡಿಯಾ ಅವರು ಆತನನ್ನು ಬಹಿರಂಗವಾಗಿ ಖಂಡಿಸತೊಡಗಿದರು. 1937ರಲ್ಲಿ ಅವರಾಡಿದ ಮಾತಿಗೆ ಜರ್ಮನಿ ಪ್ರತಿಭಟಿಸಿ, ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ವಿಷಾದ ವ್ಯಕ್ತಪಡಿಸಬೇಕಾಯಿತು. ಮೇಯರ್ ಮಾತ್ರ ತಮ್ಮ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. 1938ರಲ್ಲಿ ಜರ್ಮನ್ ದೂತಾವಾಸಕ್ಕೆ ಪೊಲೀಸ್ ರಕ್ಷಣೆ ಬೇಕಾದಾಗ ಅವರು ಅದನ್ನು ನಿರಾಕರಿಸಲಿಲ್ಲ. ಯಹೂದಿ ಪೊಲೀಸರ ತಂಡವನ್ನೇ ಕಾವಲಿಗೆ ನಿಲ್ಲಿಸಿದರು. ಕಾನೂನಿನ ಪಾಲನೆಯೂ ಆಯಿತು, ಹೇಳಬೇಕಾದುದನ್ನು ಹೇಳಿದಂತೆಯೂ ಆಯಿತು.

1939ರಲ್ಲಿ ನ್ಯೂಯಾರ್ಕಿನಲ್ಲಿ ವಿಶ್ವಮೇಳ ನಡೆಯಿತು. ಒಂದೊಂದು ದೇಶವೂ ಅಲ್ಲಿ ತನ್ನದೊಂದು ಮಂಟಪವನ್ನು ಕಟ್ಟುತ್ತಿತ್ತು. ಮೇಳ ಆರಂಭವಾಗಲು ಆರು ವಾರಗಳಷ್ಟೇ ಉಳಿದಿದ್ದಾಗ, ಮಾರ್ಚ್ 15ರಂದು, ಜರ್ಮನ್ ಸೈನ್ಯ ಪ್ರಾಗ್ ನಗರವನ್ನು ಪ್ರವೇಶಿಸಿತು. ಭೂಪಟದಿಂದ ಚೆಕೊಸ್ಲೊವಾಕಿಯಾ ಅಳಿಸಿಹೋಯಿತು. ಮೇಳದಲ್ಲಿ ಅದರ ಮಂಟಪ ಅರ್ಧಕ್ಕೆ ನಿಂತಿತ್ತು. ಸ್ವದೇಶದಿಂದ ಹಣ ಬರುವ ಹಾದಿ ಮುಚ್ಚಿತ್ತು. ಅಮೆರಿಕದಲ್ಲಿದ್ದ ಚೆಕೊಸ್ಲೊವಾಕ್ ರಾಯಭಾರಿ ತಮ್ಮ ಕಚೇರಿಯನ್ನು ಜರ್ಮನರಿಗೆ ಒಪ್ಪಿಸಲು ನಿರಾಕರಿಸಿದರು. ಮಂಟಪವನ್ನು ಪೂರ್ಣಗೊಳಿಸಲು ಹಣ ಕೂಡಿಸುವ ಕಾರ್ಯಕ್ಕೆ ಲಾ ಗಾರ್ಡಿಯಾ ಮುಂದಾದರು. ಅಮೆರಿಕದಲ್ಲಿ ನೆಲೆಸಿದ್ದ ಚೆಕ್ ಮತ್ತು ಸ್ಲೊವಾಕ್ ಜನ ಕೈಜೋಡಿಸಿದರು. ಮೇ 31ರಂದು, ಮಾಜಿ ರಾಷ್ಟ್ರಾಧ್ಯಕ್ಷ ಬೆನೆಶ್ ಅವರ ಸಮ್ಮುಖದಲ್ಲಿ, ಆ ಮಂಟಪ ತೆರೆಯಿತು. ನೆಲ ಕಳೆದುಕೊಂಡ ದೇಶಕ್ಕೆ ತನ್ನ ಬಾವುಟವನ್ನು ಹಾರಿಸಲು ನ್ಯೂಯಾರ್ಕಿನಲ್ಲಿ ಒಂದು ಸ್ಥಳ ದೊರೆಯಿತು.

ಸೆಪ್ಟೆಂಬರ್ 1ರಂದು ಪೋಲೆಂಡಿನ ಮೇಲೂ ದಾಳಿಯಾಯಿತು. ಆ ದೇಶದ ಮಂಟಪದೆದುರು ಕುದುರೆಯೇರಿದ ದೊರೆ ಯಗೆಲ್ಲೊನ ಕಂಚಿನ ಪ್ರತಿಮೆಯಿತ್ತು. 1410ರಲ್ಲಿ ಗ್ರುನ್‌ವಾಲ್ಡ್ ಕದನದಲ್ಲಿ ಜರ್ಮನ್ ಟ್ಯೂಟೋನಿಕ್ ಯೋಧರನ್ನು ಸೋಲಿಸಿದ ಅರಸನಾತ. ಮೇಳ ಮುಗಿದರೂ ಪ್ರತಿಮೆ ತವರಿಗೆ ಮರಳುವಂತಿರಲಿಲ್ಲ. ಅದನ್ನು ನಗರದಲ್ಲಿಯೇ ಉಳಿಸಿಕೊಳ್ಳಲು ಲಾ ಗಾರ್ಡಿಯಾ ಬೆಂಬಲವಿತ್ತರು. 1945ರಲ್ಲಿ ಸೆಂಟ್ರಲ್ ಪಾರ್ಕಿನಲ್ಲಿ ಸ್ಥಾಪಿತವಾದ ಆ ದೊರೆ ಇಂದಿಗೂ ಅಲ್ಲಿ ಎರಡು ಖಡ್ಗಗಳನ್ನೆತ್ತಿ ನಿಂತಿದ್ದಾನೆ.

ಇಷ್ಟನ್ನೇ ಬರೆದು ಮುಗಿಸಿದರೆ ಅವರ ಜೀವನವನ್ನು ಪೂರ್ಣವಾಗಿ ಹೇಳಿದಂತಾಗದು. ಇದಕ್ಕೂ ಮೊದಲು, 1935ರ ಅಕ್ಟೋಬರಿನಲ್ಲಿ, ಮುಸೊಲಿನಿಯ ಇಟಲಿ ಇಥಿಯೋಪಿಯದ ಮೇಲೆ ದಂಡೆತ್ತಿ ಹೋಗಿತ್ತು. ನ್ಯೂಯಾರ್ಕಿನ ಹಾರ್ಲೆಮ್ ಭಾಗದ ಆಫ್ರಿಕನ್ ಮೂಲದ ಜನ ಇಥಿಯೋಪಿಯಕ್ಕಾಗಿ ಬೀದಿಗಿಳಿದರು. ನಗರದ ಇಟಾಲಿಯನ್ನರಲ್ಲಿ ಹಲವರು ತವರಿನ ಗೆಲುವಿಗಾಗಿ ಹಾರೈಸುತ್ತಿದ್ದರು. ಆ ವರ್ಷದ ಡಿಸೆಂಬರಿನಲ್ಲಿ ಇಟಲಿಯ ರೆಡ್‌ಕ್ರಾಸ್ ಸಂಸ್ಥೆಗೆ ನಿಧಿ ಸಲ್ಲಿಸಲು ನಡೆದ ಭಾರಿ ಸಭೆಯಲ್ಲಿ ಮೇಯರ್ ಲಾ ಗಾರ್ಡಿಯಾ ಅವರೂ ಪಾಲ್ಗೊಂಡರು. ಹಿಟ್ಲರನ ವಿರುದ್ಧ ಗುಡುಗುತ್ತಿದ್ದ ಕಂಠ, ದಾಳಿ ಮಾಡಿದವರು ತಂದೆಯ ನಾಡಿನವರೇ ಆದಾಗ, ಆ ನಿಷ್ಠುರತೆಯಿಂದ ಮೊಳಗಲಿಲ್ಲ. ಸ್ವಜನರ ಮತಗಳು, ಸ್ವಜನರ ಮೋಹ, ಎರಡೂ ಅಲ್ಲಿದ್ದವು. ಹಾರ್ಲೆಮ್ ಕೂಡ ಅವರದೇ ನಗರವಾಗಿತ್ತು ಎಂಬುದನ್ನು ನಾವು ಮರೆಯಬಾರದು.

ಕಾಲ ಅವರನ್ನು ತಿದ್ದಿತು. ಅಮೆರಿಕ ಯುದ್ಧಕ್ಕಿಳಿದ ಮೇಲೆ ಅವರು ಬಾನುಲಿಯ ಮೂಲಕ ಇಟಲಿಯ ಜನತೆಗೆ ಅವರದೇ ಭಾಷೆಯಲ್ಲಿ ಫ್ಯಾಸಿಸ್ಟರ ವಿರುದ್ಧ ಭಾಷಣ ಮಾಡತೊಡಗಿದರು. ಯುದ್ಧದ ಬೆಂಕಿ ಅವರ ಮನೆಯನ್ನೂ ತಟ್ಟಿತು. ಬುಡಾಪೆಸ್ಟಿನಲ್ಲಿ ನೆಲೆಸಿದ್ದ ಸಹೋದರಿ ಜೆಮ್ಮಾ ಅವರನ್ನು 1944ರಲ್ಲಿ ನಾಜಿಗಳು ಬಂಧಿಸಿ ರಾವೆನ್ಸ್‌ಬ್ರುಕ್ ಸೆರೆಶಿಬಿರಕ್ಕೆ ಒಯ್ದರು. ಆಕೆ ಬದುಕುಳಿದರು, ಆಕೆಯ ಪತಿ ಉಳಿಯಲಿಲ್ಲ.

1946ರಲ್ಲಿ ಲಾ ಗಾರ್ಡಿಯಾ ಅವರು ಯುದ್ಧಪೀಡಿತ ದೇಶಗಳಿಗೆ ಅನ್ನ, ಔಷಧ, ಬಟ್ಟೆ ಒದಗಿಸುವ ಸಂಯುಕ್ತ ರಾಷ್ಟ್ರಗಳ ಪರಿಹಾರ ಸಂಸ್ಥೆಯ ಮಹಾನಿರ್ದೇಶಕರಾದರು. ಆ ಸಂಸ್ಥೆಯ ನೆರವು ಪಡೆದ ದೇಶಗಳಲ್ಲಿ ಪೋಲೆಂಡ್, ಚೆಕೊಸ್ಲೊವಾಕಿಯಾಗಳಂತೆ ಇಥಿಯೋಪಿಯವೂ ಇತ್ತು. 1947ರ ಸೆಪ್ಟೆಂಬರ್ 20ರಂದು ಅವರು ನಿಧನರಾದರು.

ಹುಟ್ಟಿದ ನಾಡೊಂದು, ಅನ್ನ ಕೊಟ್ಟ ನಗರವೊಂದು ಎಂದು ಎರಡು ಮನೆಗಳನ್ನು ಎದೆಯಲ್ಲಿಟ್ಟುಕೊಂಡು ಬಾಳುವ ನಮ್ಮಂಥವರಿಗೆ ಈ ಜೀವನ ಹೇಳುವ ಮಾತೊಂದಿದೆ. ನಗರವೊಂದು ನೊಂದ ರಾಷ್ಟ್ರದ ಪರವಾಗಿ ಯುದ್ಧ ಮಾಡಲಾರದು. ಆದರೆ ನಿಲ್ಲಲು ಜಾಗ ಕೊಡಬಲ್ಲುದು, ಹೆಸರನ್ನು ಉಳಿಸಬಲ್ಲುದು. ಪರರು ಮಾಡಿದ ಅನ್ಯಾಯವನ್ನು ಖಂಡಿಸುವುದು ಸುಲಭ. ನಮ್ಮವರು ಮಾಡಿದಾಗಲೂ ಅದೇ ಅಳತೆಗೋಲನ್ನು ಹಿಡಿಯುವುದೇ ಕಷ್ಟ. ಆ ಕಷ್ಟದ ಪರೀಕ್ಷೆಯಲ್ಲಿ ಲಾ ಗಾರ್ಡಿಯಾ ಒಮ್ಮೆ ಎಡವಿದರು, ಬಳಿಕ ಎದ್ದು ನಿಂತರು. ಅವರನ್ನು ನೆನೆಯುವಾಗ ಇವೆರಡನ್ನೂ ನೆನೆಯುವುದು ನ್ಯಾಯ.