ಉಪಕಾರಸ್ಮರಣೆಯ ಮನೆಪಾಠ: ರಾಜರ್ಷಿ ಶಾಹೂ ಮಹಾರಾಜರ ಜೀವನದ ಒಂದು ಮುಖ

ಮನುಷ್ಯನು ಹುಟ್ಟುವಾಗಲೇ ದೇವಋಣ, ಋಷಿಋಣ, ಪಿತೃಋಣ ಎಂಬ ಮೂರು ಋಣಗಳನ್ನು ಹೊತ್ತು ಬರುತ್ತಾನೆಂದು ನಮ್ಮ ಹಿರಿಯರು ನಂಬಿದ್ದರು. ಹಣದ ಸಾಲವನ್ನು ಹಣದಿಂದ ತೀರಿಸಿ ಖಾತೆಯನ್ನು ಮುಚ್ಚಬಹುದು. ಈ ಮೂರರ ಖಾತೆ ಮುಚ್ಚತಕ್ಕದ್ದಲ್ಲ. ಉಪಕಾರವನ್ನು ನೆನೆಯುವುದೇ ಅದಕ್ಕೆ ಸಲ್ಲಿಸುವ ಬಡ್ಡಿ. ಊರಿನ ಲೆಕ್ಕಪತ್ರಗಳ ನಡುವೆ ಆಯುಷ್ಯವನ್ನು ಕಳೆದವನಿಗೆ ಈ ಉಪಮೆ ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಶಿರೋಳಿಯ ದೇವಾಲಯದ ಜೀರ್ಣೋದ್ಧಾರವೂ ಇಂಥದೊಂದು ಋಣಸ್ಮರಣೆಯೇ ಆಗಿದೆ. ಮೊದಲ ಕಲ್ಲನ್ನು ಇಟ್ಟವರ ಹೆಸರು ನಮಗೆ ತಿಳಿಯದು. ಆದರೂ ಅವರು ಕಟ್ಟಿದ ನೆರಳಿನಲ್ಲಿ ನಾವು ಕೈಮುಗಿಯುತ್ತೇವೆ.

ಈ ಸಂದರ್ಭದಲ್ಲಿ ಹಲವು ತಾಯಿತಂದೆಗಳ ಮನಸ್ಸಿನಲ್ಲಿರುವ ಒಂದು ಚಿಂತೆಯನ್ನು ವಾಚಕರ ಮುಂದಿಡಬೇಕೆನಿಸುತ್ತದೆ. ಹರೆಯಕ್ಕೆ ಬಂದ ಮಕ್ಕಳು ಪಡೆದದ್ದನ್ನು ಹಕ್ಕೆಂದು ತಿಳಿಯುತ್ತಾರೆ, ಉಪಕಾರವೆಂದು ನೆನೆಯುವುದಿಲ್ಲ ಎಂಬ ದೂರು ಮನೆಮನೆಯಲ್ಲಿದೆ. 2020 ಮತ್ತು 2021ರಲ್ಲಿ ಮಹಾಮಾರಿಯ ಕಾರಣ ಶಾಲೆಗಳು ಮುಚ್ಚಿದಾಗ ಮನೆಯೇ ಪಾಠಶಾಲೆಯಾಯಿತು. ಈಚೆಗೆ ಮನೆಯಲ್ಲಿಯೇ ಮಕ್ಕಳಿಗೆ ಪೂರ್ಣ ವಿದ್ಯೆ ಹೇಳುವ ಕುಟುಂಬಗಳೂ ಅಲ್ಲಲ್ಲಿ ಇವೆ. ಅಂಥ ಮಕ್ಕಳಿಗೆ ಬೆಳಗಿನಿಂದ ಬೈಗಿನವರೆಗೆ ಕಣ್ಣೆದುರಿಗಿರುವ ಪುಸ್ತಕವೆಂದರೆ ತಾಯಿತಂದೆಗಳ ನಡತೆ. ಆ ಪುಸ್ತಕದಲ್ಲಿ ಏನು ಬರೆದಿರಬೇಕೆಂಬುದಕ್ಕೆ ನಮ್ಮ ಕೊಲ್ಲಾಪುರದ ರಾಜರ್ಷಿ ಶಾಹೂ ಮಹಾರಾಜರ ಜೀವನದಲ್ಲಿ ಒಳ್ಳೆಯ ಉತ್ತರವಿದೆ.

ಮಹಾರಾಜರು 1874ನೆಯ ಇಸವಿ ಜೂನ್ 26ರಂದು ಕಾಗಲದ ಘಾಟಗೆ ಮನೆತನದಲ್ಲಿ ಜನಿಸಿದರು. ಹುಟ್ಟುಹೆಸರು ಯಶವಂತರಾವ. ತಂದೆ ಜಯಸಿಂಗರಾವ ಘಾಟಗೆಯವರು. ತಾಯಿ ರಾಧಾಬಾಯಿಯವರು ನಮ್ಮ ಕನ್ನಡನಾಡಿನ ಮುಧೋಳದ ಘೋರ್ಪಡೆ ಮನೆತನದ ಮಗಳು. ಬಾಲಕನಿಗೆ ಮೂರು ವರ್ಷ ತುಂಬುವ ಹೊತ್ತಿಗೆ, 1877ರಲ್ಲಿ, ಆ ತಾಯಿ ತೀರಿಕೊಂಡರು. 1884ರ ಮಾರ್ಚ್ 17ರಂದು ಕೊಲ್ಲಾಪುರದ ರಾಣಿ ಆನಂದೀಬಾಯಿಯವರು ಅವನನ್ನು ದತ್ತು ತೆಗೆದುಕೊಂಡರು. ಹೆಸರು ಶಾಹೂ ಎಂದಾಯಿತು. ಎರಡು ವರ್ಷಗಳ ತರುವಾಯ, 1886ರಲ್ಲಿ, ಹೆತ್ತ ತಂದೆಯೂ ಕಾಲವಶರಾದರು. ಹನ್ನೆರಡು ತುಂಬುವುದರೊಳಗೆ ಆ ಬಾಲಕನಿಗೆ ದೊರೆತದ್ದು ಒಂದು ಸಿಂಹಾಸನ, ಕಳೆದದ್ದು ತಾಯಿ, ತಂದೆ, ಹುಟ್ಟಿದ ಮನೆ. ಇಂಥ ಬಾಲಕನು ಲೋಕವೆಲ್ಲ ತನಗೆ ಬಾಕಿಯಿದೆಯೆಂದು ಭಾವಿಸಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ.

ಕೆಲಕಾಲ ರಾಜಕೋಟದ ರಾಜಕುಮಾರ ಕಾಲೇಜಿನಲ್ಲಿ ಓದಿದ ಮೇಲೆ, 1890ರಿಂದ 1894ರವರೆಗೆ ಅವರ ಶಿಕ್ಷಣ ನಡೆದುದು ನಮ್ಮ ಧಾರವಾಡದಲ್ಲಿ. ಅದು ಶಾಲೆಯ ಶಿಕ್ಷಣವಲ್ಲ, ಮನೆಪಾಠ. ಸ್ಟುವರ್ಟ್ ಮಿಟ್‌ಫರ್ಡ್ ಫ್ರೇಜರ್ ಸಾಹೇಬರು ಮುಖ್ಯ ಗುರುಗಳು. ತಮ್ಮನಾದ ಬಾಪೂಸಾಹೇಬ ಘಾಟಗೆ ಮತ್ತು ಭಾವನಗರದ ರಾಜಕುಮಾರ ಭಾವಸಿಂಹಜಿಯವರು ಜೊತೆಗಾರರು. ಇತಿಹಾಸ, ರಾಜ್ಯಾಡಳಿತ ಮೊದಲಾದ ವಿಷಯಗಳ ಪಾಠದೊಡನೆ ಕುದುರೆಸವಾರಿಯೂ ದೇಶಸಂಚಾರವೂ ನಡೆದವು. ಇದೇ ಫ್ರೇಜರ್ ಸಾಹೇಬರು ಮುಂದೆ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಗುರುಗಳಾದರು. ಬೆಂಗಳೂರಿನ ಫ್ರೇಜರ್ ಟೌನ್ ಅವರ ಹೆಸರನ್ನು ಹೊತ್ತದ್ದು. ಹೀಗೆ ಮರಾಠಿ ನಾಡಿನ ಒಬ್ಬ ಅರಸರೂ ಕನ್ನಡನಾಡಿನ ಒಬ್ಬ ಅರಸರೂ ಒಂದೇ ಗುರುವಿನಿಂದ ಮನೆಯಲ್ಲಿ ಪಾಠ ಕೇಳಿದವರು.

1894ರ ಏಪ್ರಿಲ್ 2ರಂದು ಮಹಾರಾಜರು ಅಧಿಕಾರ ಸ್ವೀಕರಿಸಿದರು. ಅಧಿಕಾರ ಬಂದೊಡನೆ ಗುರುವನ್ನು ಮರೆಯುವ ಶಿಷ್ಯರು ಲೋಕದಲ್ಲಿ ಕಡಮೆಯಿಲ್ಲ. ಶಾಹೂ ಮಹಾರಾಜರು ಅಂಥವರಲ್ಲ. ಫ್ರೇಜರ್ ಸಾಹೇಬರೊಡನೆ ಪತ್ರವ್ಯವಹಾರವನ್ನು ಬಿಡದೆ ನಡೆಸಿದರು. ಬಾಲ್ಯದಲ್ಲಿ ತಮಗೆ ಪಾಠ ಹೇಳಿದ ರಘುನಾಥರಾವ ಸಬನೀಸರನ್ನು ರಾಜ್ಯದ ದಿವಾನರನ್ನಾಗಿ ಮಾಡಿಕೊಂಡರು. ಜೊತೆಯಲ್ಲಿ ಓದಿದ ತಮ್ಮನನ್ನು ಕಡೆಯವರೆಗೂ ಹತ್ತಿರದಲ್ಲಿಯೇ ಇರಿಸಿಕೊಂಡರು. ಆದರೆ ಉಪಕಾರ ಮಾಡಿದವರಿಗೆ ಮಾತ್ರ ಪ್ರತ್ಯುಪಕಾರ ಮಾಡುವುದು ವ್ಯಾಪಾರಿಯ ಕೃತಜ್ಞತೆ. ತನಗೆ ದೊರೆತದ್ದು ದೊರೆಯದವರಿಗೂ ದೊರೆಯುವಂತೆ ಮಾಡುವುದು ಅದಕ್ಕಿಂತ ಮೇಲಿನದು. ಮಹಾರಾಜರ ಕೃತಜ್ಞತೆ ಈ ಎರಡನೆಯ ದಾರಿಯಲ್ಲಿ ಬೆಳೆಯಿತು.

ತಮಗೆ ವಿದ್ಯೆ ಮನೆಬಾಗಿಲಿಗೆ ಬಂದಿತ್ತು. ಹಳ್ಳಿಯ ಬಡವನ ಮಗನಿಗೆ ಅದರ ಬಾಗಿಲು ಮುಚ್ಚಿತ್ತು. 1901ರಿಂದ ಕೊಲ್ಲಾಪುರದಲ್ಲಿ ಮರಾಠರಿಗೆ, ಜೈನರಿಗೆ, ಮುಂದೆ ಮುಸಲ್ಮಾನರಿಗೆ, ವೀರಶೈವರಿಗೆ, ಅಸ್ಪೃಶ್ಯರೆನಿಸಿದವರಿಗೆ ಹೀಗೆ ಒಂದಾದಮೇಲೊಂದು ವಿದ್ಯಾರ್ಥಿನಿಲಯಗಳು ಅವರ ಆಶ್ರಯದಲ್ಲಿ ತೆರೆದವು. 1902ರ ಜುಲೈ 26ರ ಆಜ್ಞೆಯಿಂದ ರಾಜ್ಯದ ನೌಕರಿಗಳಲ್ಲಿ ತೆರವಾಗುವ ಸ್ಥಾನಗಳ ನೂರಕ್ಕೆ 50ನ್ನು ಹಿಂದುಳಿದವರಿಗೆ ಕಾದಿರಿಸಿದರು. 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಶುಲ್ಕವಿಲ್ಲದೆ ಕಡ್ಡಾಯಗೊಳಿಸಿ, ಮಕ್ಕಳನ್ನು ಶಾಲೆಗೆ ಕಳುಹಿಸದ ಪಾಲಕರಿಗೆ ತಿಂಗಳಿಗೆ 1 ರೂಪಾಯಿ ದಂಡವನ್ನು ಗೊತ್ತುಪಡಿಸಿದರು. ಮನೆಪಾಠದಿಂದ ಬೆಳೆದ ಅರಸರು ಇತರರ ಮಕ್ಕಳನ್ನು ಶಾಲೆಗೆ ಎಳೆತಂದರಲ್ಲ ಎಂದು ಯಾರಿಗಾದರೂ ತೋರಬಹುದು. ಇದರಲ್ಲಿ ವಿರೋಧವಿಲ್ಲ. ಗುರುವನ್ನು ಮನೆಗೆ ಕರೆಸುವ ಶಕ್ತಿ ಎಲ್ಲರಿಗೂ ಇರುವುದಿಲ್ಲವೆಂದು ಅರಿತವರೇ ಎಲ್ಲರಿಗೂ ಶಾಲೆಯನ್ನು ಕೊಟ್ಟರು.

ಇನ್ನು ಅವರ ಸ್ವಂತ ಮನೆಯೊಳಗಿನ ಕಥೆ. 1917ರಲ್ಲಿ ಕಿರಿಯ ರಾಜಕುಮಾರ ಶಿವಾಜಿಯವರಿಗೆ ಇಂದುಮತಿದೇವಿಯವರೊಡನೆ ವಿವಾಹವಾಯಿತು. ಒಂದು ವರ್ಷ ಕಳೆದಿತ್ತಷ್ಟೆ. 1918ರ ಜೂನ್ ತಿಂಗಳಲ್ಲಿ ರಾಜಕುಮಾರರು ಹಂದಿಯ ಬೇಟೆಯಲ್ಲಿ ಅಪಘಾತಕ್ಕೆ ಸಿಕ್ಕಿ ಪ್ರಾಣಬಿಟ್ಟರು. ಸೊಸೆಗೆ ಆಗ ವಯಸ್ಸು ಹನ್ನೊಂದು. ಆ ಕಾಲದ ರೂಢಿಯಂತೆ ಅರಮನೆಯ ಕತ್ತಲೆಯ ಕೋಣೆಯಲ್ಲಿ ಅವಳ ಬಾಳು ಮುಗಿಯಬೇಕಾಗಿತ್ತು. ಪುತ್ರಶೋಕದಲ್ಲಿ ಮುಳುಗಿದ್ದ ಮಹಾರಾಜರು ಸೊಸೆಯನ್ನು ಮಗಳೆಂದು ಭಾವಿಸಿ, ಪಟ್ಟಣದ ಹೊರಗಿನ ಸೋನತಳಿಯ ಬಿಡಾರದಲ್ಲಿ ಅವಳಿಗೆ ವಿದ್ಯಾಭ್ಯಾಸದ ಏರ್ಪಾಡು ಮಾಡಿದರು. ಬೇರೆ ಬೇರೆ ಜಾತಿಗಳ ಹೆಣ್ಣುಮಕ್ಕಳನ್ನು ಜೊತೆಗಾತಿಯರನ್ನಾಗಿ ಇರಿಸಿದರು. ಒಪ್ಪದವರು ಅರಮನೆಯ ಒಳಗೂ ಇದ್ದರು, ಹೊರಗೂ ಇದ್ದರು. ಮಹಾರಾಜರು ಹಿಂಜರಿಯಲಿಲ್ಲ.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಹನ್ನೊಂದನೆಯ ವಯಸ್ಸಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಹುಡುಗಿಗೆ ಕೃತಜ್ಞಳಾಗಿರು ಎಂದು ಯಾವ ಬಾಯಿಂದ ಹೇಳುವುದು? ದುಃಖದಲ್ಲಿರುವ ಮಗುವಿಗೆ ಹಾಗೆ ಉಪದೇಶಿಸುವುದು ಗಾಯದ ಮೇಲೆ ಉಪ್ಪು ಸವರಿದಂತೆ. ಮಹಾರಾಜರು ಮಾಡಿದ್ದು ಬೇರೆ. ಆ ಸೋನತಳಿಯಲ್ಲಿಯೇ ಅಲೆಮಾರಿಗಳಾದ ಫಾಸೆಪಾರಧಿ ಜನರಿಗೆ ಕೆಲಸವನ್ನೂ ನೆಲೆಯನ್ನೂ ಕೊಟ್ಟು, ಕಳ್ಳರೆಂದು ಲೋಕ ದೂರವಿಟ್ಟವರನ್ನೇ ಕಾವಲುಗಾರರನ್ನಾಗಿ ನಂಬಿದ್ದರು. ಅವರ ಬಾಗಿಲಿಗೆ ರೈತರೂ ಪೈಲವಾನರೂ ದೀನರೂ ಬರುತ್ತಿದ್ದರು. ಅಂಥ ಸ್ಥಳದಲ್ಲಿ ಬೆಳೆಯುವ ಮಗುವಿಗೆ ಬೇರೆ ಉಪದೇಶ ಬೇಕೆ? ತನ್ನ ದುಃಖವೊಂದೇ ದುಃಖವಲ್ಲವೆಂಬುದನ್ನೂ, ದುಃಖಿಯಾದ ಮಾವನು ಇತರರ ದುಃಖಕ್ಕೆ ಕೈಚಾಚುವುದನ್ನೂ ಕಣ್ಣಾರೆ ಕಾಣುವುದೇ ಸಾಕು.

ಆ ಪಾಠ ವ್ಯರ್ಥವಾಗಲಿಲ್ಲ. ಮಾವನವರು 1922ರ ಮೇ 6ರಂದು ಮುಂಬಯಿಯಲ್ಲಿ ದಿವಂಗತರಾದರೂ ಇಂದುಮತಿದೇವಿಯವರು ಓದನ್ನು ಬಿಡಲಿಲ್ಲ. ಮುಂದೆ ಕೊಲ್ಲಾಪುರದಲ್ಲಿ ಲಲಿತಾವಿಹಾರವೆಂಬ ಸಂಸ್ಥೆಯ ಮೂಲಕ ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ದುಡಿದರು. 1971ರಲ್ಲಿ ಅವರು ತೀರಿಕೊಂಡರು. ತನಗೆ ಸಿಕ್ಕ ಅಕ್ಷರವನ್ನು ಇತರ ಹೆಣ್ಣುಮಕ್ಕಳಿಗೆ ಹಂಚಿದುದೇ ಅವರು ಮಾವನವರಿಗೆ ಸಲ್ಲಿಸಿದ ಕೃತಜ್ಞತೆ.

ಹೊರಗಿನವರೂ ಈ ಪಾಠವನ್ನು ಕಲಿತರು. ನಮ್ಮ ನೆರೆಯ ಕುಂಭೋಜದಲ್ಲಿ 1887ರಲ್ಲಿ ಹುಟ್ಟಿದ ಕರ್ಮವೀರ ಭಾವೂರಾವ ಪಾಟೀಲರು ಕೊಲ್ಲಾಪುರದ ಜೈನ ವಿದ್ಯಾರ್ಥಿನಿಲಯದಲ್ಲಿ ಇದ್ದು ಓದಿದವರು. 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದ ಅವರು, ಸಾತಾರೆಯಲ್ಲಿ ಎಲ್ಲ ಜಾತಿಯ ಹುಡುಗರು ಒಂದೇ ಪಂಕ್ತಿಯಲ್ಲಿ ಉಣ್ಣುವ ವಿದ್ಯಾರ್ಥಿನಿಲಯಕ್ಕೆ ಶಾಹೂ ಮಹಾರಾಜರ ಹೆಸರನ್ನೇ ಇಟ್ಟರು. ಅವರ ಧರ್ಮಪತ್ನಿ ಲಕ್ಷ್ಮೀಬಾಯಿಯವರು ಆ ಹುಡುಗರ ಊಟಕ್ಕಾಗಿ ತಮ್ಮ ಒಡವೆಗಳನ್ನು, ಕಡೆಗೆ ಮಂಗಳಸೂತ್ರವನ್ನೂ ಕೊಟ್ಟರು. ಜಾತಿಯ ಕಾರಣದಿಂದ ಪೆಟ್ಟು ತಿಂದ ಗಂಗಾರಾಮ ಕಾಂಬಳೆಯವರಿಗೆ ಮಹಾರಾಜರು ಚಹದ ಅಂಗಡಿ ಹಾಕಿಸಿಕೊಟ್ಟು, ಎಲ್ಲರೆದುರಿಗೆ ಅಲ್ಲಿ ಚಹ ಕುಡಿದು ಮಾನ ಕೊಟ್ಟರು. ಮಹಾರಾಜರು ಕಾಲವಾದ ಮೇಲೆ ಅವರ ಮೊದಲ ಸ್ಮಾರಕವನ್ನು ಕಟ್ಟಿಸಲು ಮುಂದಾದವರು ಇದೇ ಗಂಗಾರಾಮರು. 1920ರ ಮಾರ್ಚ್ ತಿಂಗಳಲ್ಲಿ ನಮ್ಮ ಹಾತಕಣಂಗಲೆ ತಾಲೂಕಿನ ಮಾಣಗಾವಿಯಲ್ಲಿ ಡಾಕ್ಟರ್ ಅಂಬೇಡಕರರ ಅಧ್ಯಕ್ಷತೆಯಲ್ಲಿ ನಡೆದ ಪರಿಷತ್ತು, ಮಹಾರಾಜರ ಜನ್ಮದಿನವನ್ನು ಹಬ್ಬದಂತೆ ಆಚರಿಸಬೇಕೆಂದು ಗೊತ್ತುಮಾಡಿತು. ಇವರಾರಿಗೂ ಕೃತಜ್ಞರಾಗಿರಿ ಎಂದು ಯಾರೂ ಹೇಳಿರಲಿಲ್ಲ.

ತಾಯಿತಂದೆಗಳಾದ ನಾವು ಇದರಿಂದ ಕಲಿಯತಕ್ಕದ್ದು ಸ್ಪಷ್ಟವಾಗಿದೆ. ಮಕ್ಕಳ ಮುಂದೆ ನಮ್ಮ ತ್ಯಾಗದ ಪಟ್ಟಿಯನ್ನು ಓದಿದರೆ ಅವರಿಗೆ ಅದು ಸಾಲದ ನೋಟೀಸಿನಂತೆ ಕೇಳುತ್ತದೆ. ಅದಕ್ಕೆ ಬದಲಾಗಿ ನಮಗೆ ಅಕ್ಷರ ಕಲಿಸಿದ ಮಾಸ್ತರರು ದಾರಿಯಲ್ಲಿ ಎದುರಾದಾಗ ಮಕ್ಕಳ ಮುಂದೆ ನಾವು ಕಾಲಿಗೆ ನಮಸ್ಕರಿಸೋಣ. ಹೊಲಕ್ಕೆ ನೀರು ಹರಿದ ದಿನ, ಭೋಗಾವತಿ ನದಿಗೆ ರಾಧಾನಗರಿಯ ಅಣೆಕಟ್ಟನ್ನು ಆರಂಭಿಸಿಯೂ ಅದು ಮುಗಿದದ್ದನ್ನು ಕಾಣದೆ ಹೋದ ಮಹಾರಾಜರನ್ನು ಒಂದು ಕ್ಷಣ ನೆನೆಯೋಣ. ಕಬ್ಬು ಕಡಿಯಲು ಬಂದ ಕೂಲಿಯವರಿಗೆ ನೀರನ್ನು ನಾವೇ ಕೈಯಾರೆ ಕೊಡೋಣ. ಅಜ್ಜ ಅಜ್ಜಿಯರ ಮಾತನ್ನು ಮಧ್ಯದಲ್ಲಿ ಕತ್ತರಿಸದೆ ಕೇಳೋಣ. ಹರೆಯದ ಮಗನು ಅದೇ ದಿನ ಬದಲಾಗಲಿಕ್ಕಿಲ್ಲ, ಮುಖ ತಿರುಗಿಸಿಕೊಂಡು ಹೋಗಲೂಬಹುದು. ಬಿತ್ತಿದ ದಿನವೇ ಯಾವ ರೈತನೂ ತೆನೆಯನ್ನು ಹುಡುಕುವುದಿಲ್ಲ.

ದೇವಾಲಯದ ಕಾಣಿಕೆಯ ಪಟ್ಟಿಯಲ್ಲಿ ರೂಪಾಯಿ ಕೊಟ್ಟವರ ಹೆಸರುಗಳು ಇರುತ್ತವೆ, ಇರಲೂಬೇಕು. ಕಲ್ಲು ಹೊತ್ತವರ, ಸುಣ್ಣ ಕಲಸಿದವರ, ಅಂಗಳ ಗುಡಿಸಿದವರ ಹೆಸರುಗಳು ಯಾವ ಪಟ್ಟಿಯಲ್ಲಿಯೂ ಸೇರುವುದಿಲ್ಲ. ಮಕ್ಕಳ ಕೈಹಿಡಿದು ಪ್ರದಕ್ಷಿಣೆ ಬರುವಾಗ ಅವರನ್ನೂ ನೆನೆದು ಒಂದು ನಮಸ್ಕಾರ ಸಲ್ಲಿಸಿದರೆ ಈ ಜೀರ್ಣೋದ್ಧಾರವು ಗುಡಿಯದಷ್ಟೇ ಅಲ್ಲ, ಮನೆತನಗಳದೂ ಆದೀತು. ಅಂಥ ಬುದ್ಧಿಯನ್ನು ಭಗವಂತನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲೆಂದು ಪ್ರಾರ್ಥಿಸುತ್ತೇನೆ.