ಮಿರಜದ ಡಾಕ್ಟರ ವಾನ್ಲೆಸ್ಸರು

ಮುಗುಟಖಾನ ಹುಬ್ಬಳ್ಳಿ, ಕಿತ್ತೂರು, ಬೈಲಹೊಂಗಲಗಳ ಕಡೆಯ ಹಳೆಯ ಮನೆತನಗಳಲ್ಲಿ ಯಾರದಾದರೂ ಬೇನೆ ವಿಷಮಿಸಿತೆಂದರೆ, ಇನ್ನು ಮಿರಜಕ್ಕೆ ಒಯ್ಯದೆ ಗತಿಯಿಲ್ಲವೆಂದು ಹಿರಿಯರು ಹೇಳುತ್ತಿದ್ದ ಕಾಲವೊಂದಿತ್ತು. ಚಕ್ಕಡಿಯಲ್ಲಿ ರೋಗಿಯನ್ನು ಮಲಗಿಸಿ, ಪುಣೆ-ಬೆಂಗಳೂರ ರಸ್ತೆ ಹಿಡಿದು ಬೆಳಗಾವಿಯನ್ನು ಮುಟ್ಟಿ, ಅಲ್ಲಿಂದ ಉಗಿಬಂಡಿಯೇರಿ ಕೃಷ್ಣೆಯನ್ನು ದಾಟಿ ಹೋಗಬೇಕಾಗುತ್ತಿತ್ತು. ಬೆಳಗಾವಿಯಲ್ಲಿಯೂ ಧಾರವಾಡದಲ್ಲಿಯೂ ಸರಕಾರದ ದವಾಖಾನೆಗಳು ಇದ್ದೇ ಇದ್ದವು. ಅವುಗಳನ್ನು ಹಿಂದಿಕ್ಕಿ ನಮ್ಮ ಜನರು ಪರಸಂಸ್ಥಾನದ ಒಂದು ಖಾಸಗಿ ಆಸ್ಪತ್ರೆಯನ್ನೇ ನಂಬಿ ನಡೆದದ್ದು ಏಕೆ ಎಂಬದನ್ನು ತಿಳಿಯಬೇಕಾದರೆ, ಅದನ್ನು ಕಟ್ಟಿದವರ ಚರಿತ್ರೆಯನ್ನು ನೋಡಬೇಕಾಗುವದು.

ವಿಲಿಯಮ್ ಜೇಮ್ಸ್ ವಾನ್ಲೆಸ್ಸರು 1865ರಲ್ಲಿ ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ ಹುಟ್ಟಿದರು. ನ್ಯೂಯಾರ್ಕಿನಲ್ಲಿ ವೈದ್ಯಶಾಸ್ತ್ರವನ್ನು ಕಲಿತು 1889ರಲ್ಲಿ ಪದವಿ ಪಡೆದರು. ಅದೇ ವರ್ಷ ಪತ್ನಿ ಮೇರಿಯವರೊಡನೆ ಅಮೇರಿಕೆಯ ಪ್ರೆಸ್ಬಿಟೇರಿಯನ್ ಮಿಶನ್ನಿನ ಪರವಾಗಿ ಸಾಂಗಲಿಗೆ ಬಂದಿಳಿದರು. ಇಪ್ಪತ್ತನಾಲ್ಕರ ತರುಣರು; ಕೈಯಲ್ಲಿ ಔಷಧದ ಪೆಟ್ಟಿಗೆ, ಕಿವಿಗೆ ಅರಿಯದ ಭಾಷೆ, ಸುತ್ತಲೂ ಸಂಶಯದಿಂದ ನೋಡುವ ಜನ. ಸಾಂಗಲಿಯಲ್ಲಿ ಕೆಲಕಾಲ ಕಳೆದು ಸಮೀಪದ ಮಿರಜಕ್ಕೆ ಬಿಡಾರವನ್ನು ಬದಲಿಸಿದರು.

ಈ ಸ್ಥಳಾಂತರವು ಮುಂದಿನ ಎಲ್ಲದಕ್ಕೂ ಮೂಲವೆಂದು ನಾವು ಎಣಿಸುತ್ತೇವೆ. ಪುಣೆಯಿಂದ ಬೆಳಗಾವಿ, ಲೋಂಡಾ, ಹುಬ್ಬಳ್ಳಿಗಳಿಗೆ ಬರುವ ಸದರ್ನ್ ಮರಾಠಾ ರೈಲು ಮಾರ್ಗದ ಮೇಲೆ ಮಿರಜವಿತ್ತು. 1891ರಲ್ಲಿ ಕೊಲ್ಹಾಪುರದ ಶಾಖೆಯೂ ಅಲ್ಲಿಯೇ ಬಂದು ಕೂಡಿತು. ರಸ್ತೆಯಿಂದ ಬರುವ ರೋಗಿ ಹತ್ತು ಹರದಾರಿಯವನಾದರೆ, ರೈಲಿನಿಂದ ಬರುವವನು ನೂರು ಹರದಾರಿಯವನು. ಪಟವರ್ಧನರ ಆಳಿಕೆಯ ಲಕ್ಷ್ಮೇಶ್ವರದಂಥ ಕನ್ನಡ ಊರುಗಳವರಿಗೆ ಮಿರಜವು ಮೊದಲೇ ದರಬಾರದ ಊರಾಗಿತ್ತು. 1894ರಲ್ಲಿ ಆಸ್ಪತ್ರೆಯ ಕಟ್ಟಡವು ತೆರೆಯಿತು. ಅದಕ್ಕೆ ಹಣ ಕೊಟ್ಟವರು ಫಿಲಾಡೆಲ್ಫಿಯಾದ ಜಾನ್ ಕಾನ್ವರ್ಸ್ ಎಂಬ, ರೈಲಿನ ಇಂಜಿನ್ನುಗಳನ್ನು ಮಾಡುವ ಕಾರಖಾನೆಯ ಧನಿಕರು. ಇಂಜಿನ್ನಿನ ಹಣದಿಂದ ಕಟ್ಟಿದ ಮನೆಯನ್ನು ಇಂಜಿನ್ನುಗಳೇ ರೋಗಿಗಳಿಂದ ತುಂಬಿಸಿದ್ದು ವಿಚಿತ್ರವಾದರೂ ನಿಜವು.

ಹೆಸರು ಹಬ್ಬಿದ್ದು ಶಸ್ತ್ರಕ್ರಿಯೆಯಿಂದ, ಅದರಲ್ಲಿಯೂ ಕಣ್ಣಿನ ಪೊರೆ ತೆಗೆಯುವದರಿಂದ. ಜ್ವರಕ್ಕೆ ಕೊಟ್ಟ ಮದ್ದಿನ ಗುಣವನ್ನು ವೈದ್ಯನಿಗೆ ಸಲ್ಲಿಸಬೇಕೋ ದೈವಕ್ಕೆ ಸಲ್ಲಿಸಬೇಕೋ ಎಂದು ಹಳ್ಳಿಗನು ಅನುಮಾನಿಸಿಯಾನು; ಕೋಲು ಹಿಡಿಸಿಕೊಂಡು ಹೋದ ಕುರುಡು ಮುದುಕನು ತಾನೇ ನಡೆದು ಊರಿಗೆ ಮರಳಿದಾಗ ಅನುಮಾನಕ್ಕೆ ಎಡೆಯೆಲ್ಲಿ? ಅಂಥ ಒಬ್ಬನು ಮರಳಿದ ಊರಿನಿಂದ ಮರುವರ್ಷ ಹತ್ತು ಮಂದಿ ಹೊರಡುತ್ತಿದ್ದರು. ಜಾತಿಯ ಕಟ್ಟಳೆಯುಳ್ಳವರು ತಮ್ಮ ಆಪ್ತರನ್ನು ಕರೆದೊಯ್ದು ತಮ್ಮ ಅಡಿಗೆಯನ್ನು ತಾವೇ ಮಾಡಿಕೊಳ್ಳುತ್ತಿದ್ದರು.

ಖರ್ಚಿನ ವ್ಯವಸ್ಥೆಯೂ ಗಮನಿಸತಕ್ಕದ್ದು. ಕಟ್ಟಡಕ್ಕೆ ಪರದೇಶದ ಹಣ ಬಂದರೂ, ದಿನದಿನದ ವೆಚ್ಚಕ್ಕೆ ಅದನ್ನೇ ನಂಬಿ ಕೂಡಲಿಲ್ಲ. ಸಂಸ್ಥಾನಿಕರು, ಇನಾಮದಾರರು, ಸಾವುಕಾರರು ಕೊಟ್ಟ ಫೀಜು ಮತ್ತು ಕಾಣಿಕೆಗಳಿಂದ ಬಡವರ ಚಿಕಿತ್ಸೆ ನಡೆಯುತ್ತಿತ್ತು. ಕೊಲ್ಹಾಪುರದ ಶಾಹೂ ಮಹಾರಾಜರು ಡಾಕ್ಟರರಲ್ಲಿ ವಿಶೇಷ ವಿಶ್ವಾಸವನ್ನಿಟ್ಟಿದ್ದರು. ಅಂದರೆ ಮಿರಜದ ಆಸ್ಪತ್ರೆ ಬೆಳೆದದ್ದು ಬಹುಮಟ್ಟಿಗೆ ನಮ್ಮವರ ಹಣದಿಂದಲೇ! ಆ ಹಣವನ್ನು ಕೂಡಿಸಿ ನಮ್ಮ ನೆಲದಲ್ಲಿಯೇ ಇಂಥದೊಂದನ್ನು ಕಟ್ಟುವ ಬುದ್ಧಿಯು ಮಲಪ್ರಭೆಯ ದಂಡೆಯ ಶ್ರೀಮಂತರಿಗೆ ಏಕೆ ಹುಟ್ಟಲಿಲ್ಲವೆಂದು ಕೇಳುವ ಹಕ್ಕು ನಮಗುಂಟು.

ವಾನ್ಲೆಸ್ಸರು ಮತಪ್ರಚಾರಕ್ಕಾಗಿ ಬಂದವರೆಂಬದನ್ನು ಮುಚ್ಚಿಡಬೇಕಾಗಿಲ್ಲ, ಅವರೂ ಮುಚ್ಚಿಡಲಿಲ್ಲ. ರೋಗದಿಂದ ದೀನನಾದವನ ಮುಂದೆ ತನ್ನ ಮತದ ಹಿರಿಮೆಯನ್ನು ಹೇಳುವದು ನ್ಯಾಯವಾದ ಕಾರ್ಯವೆಂದು ನಾವು ಒಪ್ಪಲಾರೆವು. ಆದರೆ ಸಾವಿರಾರು ಜನರು ಕಣ್ಣು ಪಡೆದು, ಪ್ರಾಣ ಪಡೆದು, ತಮ್ಮ ದೇವರ ಹೆಸರನ್ನೇ ಹೇಳುತ್ತ ಮನೆಗೆ ಬಂದರೆಂಬದೂ ಸತ್ಯವು. ಉದ್ದೇಶವನ್ನು ಒಪ್ಪದವರೂ ಆ ಕೈಯ ಕೆಲಸಕ್ಕೆ ಕೃತಜ್ಞರಾಗಿರಬಹುದು.

ಅವರ ಕೃತಿಗಳಲ್ಲಿ ನಾವು ಎಲ್ಲಕ್ಕೂ ಮೇಲೆ ಇಡುವದು 1897ರಲ್ಲಿ ಅವರು ಆರಂಭಿಸಿದ ವೈದ್ಯಶಾಲೆಯನ್ನು. ಮಿಶನ್ನಿನ ದವಾಖಾನೆಗಳಿಗೆ ಬೇಕಾದ ದೇಶೀ ಸಹಾಯಕರನ್ನು ಸಿದ್ಧಗೊಳಿಸುವದು ಅದರ ಉದ್ದೇಶವಾಗಿತ್ತು. ಆಗ ನಮ್ಮ ಸೀಮೆಯ ಹುಡುಗನು ಡಾಕ್ಟರನಾಗಬೇಕೆಂದರೆ ಮುಂಬಯಿ ಪುಣೆಗಳೇ ಗತಿ. ಸುಪ್ರಸಿದ್ಧ ಶಸ್ತ್ರವೈದ್ಯನಾದವನು ತನ್ನ ವಿದ್ಯೆಯನ್ನು ಗುಟ್ಟಾಗಿಟ್ಟುಕೊಂಡು ಹೆಸರು ಗಳಿಸುವದು ಸುಲಭ. ವಾನ್ಲೆಸ್ಸರು ತಮ್ಮ ಮೇಜಿನ ಪಕ್ಕದಲ್ಲಿ ದೇಶೀಯರನ್ನು ನಿಲ್ಲಿಸಿಕೊಂಡು, ಕತ್ತರಿಸುವದನ್ನೂ ಹೊಲಿಯುವದನ್ನೂ ಕಲಿಸಿದರು. ಒಬ್ಬನೇ ಮನುಷ್ಯನ ಕೌಶಲ್ಯದ ಮೇಲೆ ನಿಂತ ಆಸ್ಪತ್ರೆ ಅವನೊಡನೆಯೇ ಮುಗಿಯುವದು. ಮಿರಜದ್ದು ಹಾಗೆ ಮುಗಿಯದೆ ಇದ್ದುದಕ್ಕೆ ಈ ಶಾಲೆಯೂ ಒಂದು ಕಾರಣವು.

1900ರ ಸುಮಾರಿಗೆ ಕುಷ್ಠರೋಗಿಗಳಿಗಾಗಿ ಒಂದು ಆಶ್ರಯಸ್ಥಾನವೂ, 1920ರಲ್ಲಿ ಊರ ಹೊರಗೆ ಕ್ಷಯರೋಗಿಗಳಿಗಾಗಿ ಆರೋಗ್ಯಧಾಮವೂ ಹುಟ್ಟಿದವು. ಈ ಎರಡನೆಯದರ ಸುತ್ತ ಬೆಳೆದ ವಸತಿಯೇ ವಾನ್ಲೆಸ್‌ವಾಡಿ. ಬೆಳಗಾವಿ ಜಿಲ್ಲೆಯ ಘಟಪ್ರಭೆಯಲ್ಲಿ ಕರ್ನಾಟಕ ಆರೋಗ್ಯಧಾಮವು ತಲೆಯೆತ್ತಿದ್ದು 1929ರಲ್ಲಿ. ಅದನ್ನು ಕಟ್ಟಿದವರು ಈ ನಾಡಿನ ವೈದ್ಯರೇ ಎಂಬದು ನಮಗೆ ಸಮಾಧಾನದ ಮಾತು. ಸೇವಾದಳದ ಡಾ. ಹರ್ಡೀಕರರು ತಮ್ಮ ಕೊನೆಯ ದಿನಗಳನ್ನು ಕಳೆದದ್ದೂ ಅಲ್ಲಿಯೇ.

1928ರಲ್ಲಿ ಸರಕಾರವು ವಾನ್ಲೆಸ್ಸರಿಗೆ ಸರ್ ಎಂಬ ಪದವಿಯನ್ನಿತ್ತಿತು. ಸರಕಾರದ ಪದವಿಗಳ ಬೆಲೆಯನ್ನು ನಾವು ಬಲ್ಲೆವು. ಯುದ್ಧಕ್ಕೆ ಸಾಲ ಕೂಡಿಸಿಕೊಟ್ಟವರಿಗೂ ಅವು ಸಿಕ್ಕಿವೆ. ಮುವತ್ತೊಂಬತ್ತು ವರ್ಷ ದುಡಿದ ಈ ಮುದುಕರ ವಿಷಯದಲ್ಲಿ ಮಾತ್ರ ಯಾರೂ ತಕರಾರು ಮಾಡಲಿಕ್ಕಿಲ್ಲ. ಅದೇ ವರ್ಷ ಅವರು ಕೆಲಸದಿಂದ ನಿವೃತ್ತರಾಗಿ ಅಮೇರಿಕೆಗೆ ತೆರಳಿದರು. ಇಲ್ಲಿಯ ಅನುಭವಗಳನ್ನು ಕುರಿತು ಒಂದು ಪುಸ್ತಕವನ್ನು ಬರೆದು, 1933ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು. ಆಸ್ಪತ್ರೆಯ ಭಾರವು ಅವರ ಜತೆಗಾರರಾದ ಡಾಕ್ಟರ ವೇಲರ ಹೆಗಲಿಗೆ ಬಂದಿತು.

1948ರಲ್ಲಿ ಮಿರಜ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ಲೀನವಾಯಿತು. 1956ರ ಪ್ರಾಂತರಚನೆಯಲ್ಲಿ ಬೆಳಗಾವಿಯು ಈಚೆಗೂ ಮಿರಜವು ಆಚೆಗೂ ಆದವು. ಮರುವರ್ಷ ಹುಬ್ಬಳ್ಳಿಯಲ್ಲಿ, 1963ರಲ್ಲಿ ಬೆಳಗಾವಿಯಲ್ಲಿ ವೈದ್ಯಕೀಯ ಕಾಲೇಜುಗಳು ತೆರೆದವು. ಆ ಮೇಲೆ ನಮ್ಮ ಕಡೆಯ ರೋಗಿಗಳ ದಾರಿ ಬೇರೆಯಾಯಿತು. ಮಿರಜದಲ್ಲಿ 1962ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಸ್ಥಾಪನೆಯಾದಾಗ, ಅದರ ವಿದ್ಯಾರ್ಥಿಗಳು ರೋಗಿಯ ಹಾಸಿಗೆಯ ಬಳಿ ನಿಂತು ಕಲಿತದ್ದು ವಾನ್ಲೆಸ್ಸರ ಆಸ್ಪತ್ರೆಯಲ್ಲಿ.